ನಾಲ್ಕು ವರ್ಷದ ಹಿಂದಿನ ಕೋವಿಡ್, ಇಂದಿನ ವೀರ್ಯ ಪರೀಕ್ಷೆ

ಪ್ರಶ್ನೆ: ನನಗೆ 34 ವರ್ಷ, ಹೆಂಡತಿಗೆ 29. ಕೊಪ್ಪಳ ತಾಲ್ಲೂಕಿನವರು. ಸ್ಪಾಂಜ್ ಐರನ್ ಕಾರ್ಖಾನೆಯೊಂದರ ಕುಲುಮೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. 2021ರ ಮೇ ತಿಂಗಳಲ್ಲಿ ಕೋವಿಡ್ ಆಗಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಆಕ್ಸಿಜನ್ ಮೇಲಿದ್ದೆ, ಸ್ಟೀರಾಯ್ಡ್ ಕೂಡ ಕೊಟ್ಟಿದ್ದರು. ಮರುವರ್ಷ ಮದುವೆಯಾಯಿತು. ಮೂರು ವರ್ಷವಾದರೂ ಮಕ್ಕಳಾಗಿಲ್ಲ. ಹೆಂಡತಿಯನ್ನು ಎರಡು ಕಡೆ ತೋರಿಸಿದೆವು, ದೋಷವಿಲ್ಲ ಎಂದರು. ಈ ಫೆಬ್ರವರಿಯಲ್ಲಿ ಟೈಫಾಯ್ಡ್ ಬಂದು ಹತ್ತು ದಿನ ಮಲಗಿದ್ದೆ. ಏಪ್ರಿಲ್ ಮೊದಲ ವಾರ ಮೊದಲ ಬಾರಿಗೆ ನನ್ನ ವೀರ್ಯ ಪರೀಕ್ಷೆ ಮಾಡಿಸಿದೆ; ಮನೆಯಲ್ಲೇ ಸಂಗ್ರಹಿಸಿ ಬೈಕಿನಲ್ಲಿ ಹೊಸಪೇಟೆಯ ಲ್ಯಾಬಿಗೆ ಒಯ್ದಿದ್ದೆ. ಪ್ರಮಾಣ 2 ಮಿಲಿ ಲೀಟರ್, ಒಂದು ಮಿಲಿ ಲೀಟರಿನಲ್ಲಿ 90 ಲಕ್ಷ ವೀರ್ಯಾಣು, ಚಲನೆ ಶೇ 25 ಎಂದು ರಿಪೋರ್ಟು ಬಂದಿದೆ. ಇದು ಕೊರೊನಾ ಮಾಡಿದ ಹಾನಿ, ಇನ್ನೇನೂ ಮಾಡಲಾಗದು ಎಂದು ಕೆಲವರು ಹೇಳುತ್ತಾರೆ. ಲಸಿಕೆಯಿಂದ ಆದದ್ದು ಎಂದು ಮನೆಯವರ ಮಾತು. ಮೊದಲಿನ ಹುರುಪೂ ಇಲ್ಲ. ಪರಿಚಯದವರೊಬ್ಬರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳಲು ಹೇಳಿದ್ದಾರೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಓದಿದಾಗ ನನ್ನ ಗಮನ ಹೆಚ್ಚಾಗಿ ಹೋದದ್ದು ನೀವು ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಟೈಫಾಯ್ಡಿನ ಕಡೆಗೆ. ಏಪ್ರಿಲ್‌ನ ನಿಮ್ಮ ರಿಪೋರ್ಟಿಗೆ 2021ರ ಕೋವಿಡ್ ಕಾರಣವಾಗಿರುವ ಸಂಭವ ಕಡಿಮೆ. ಫೆಬ್ರವರಿಯ ಜ್ವರ, ಕುಲುಮೆಯ ಶಾಖ ಮತ್ತು ಮಾದರಿಯನ್ನು ಲ್ಯಾಬಿಗೆ ಒಯ್ದ ರೀತಿ, ಈ ಮೂರರ ಪಾಲು ಅದರಲ್ಲಿ ಇರುವ ಸಂಭವ ಅದಕ್ಕಿಂತ ಬಹಳ ಹೆಚ್ಚು. ಇವುಗಳ ಹಿಂದೆ ಇನ್ನೂ ಯಾರೂ ಹುಡುಕಿ ನೋಡದ, ಚಿಕಿತ್ಸೆಗೆ ಬಗ್ಗುವ ಬೇರೊಂದು ಕಾರಣವೂ ಇರಬಹುದು. ಆದ್ದರಿಂದ ಕೊರೊನಾದ ಹೆಸರು ಹೇಳಿ ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಬೇಡಿ. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬರುವ ಎಷ್ಟೋ ಗಂಡಸರ ಮನಸ್ಸಿನಲ್ಲಿ ಇದೇ ಅಳುಕು ಇದೆ.

ವೃಷಣದಲ್ಲಿ ಒಂದು ಮೂಲಕೋಶವು ಹಲವು ಹಂತಗಳನ್ನು ದಾಟಿ ಬಾಲವುಳ್ಳ ವೀರ್ಯಾಣುವಾಗಲು ಸುಮಾರು 74 ದಿನ ಬೇಕು. ಅದರ ನಂತರ ವೃಷಣದ ಹಿಂಬದಿಗೆ ಅಂಟಿಕೊಂಡಿರುವ, ಸುರುಳಿ ಸುತ್ತಿದ ನಾಳದಲ್ಲಿ ಒಂದೂವರೆ ಎರಡು ವಾರ ಸಾಗುತ್ತಾ ಅದು ಚಲನೆಯ ಶಕ್ತಿಯನ್ನು ಪಡೆಯುತ್ತದೆ. ಅಂದರೆ ಇಂದು ಹೊರಬರುವ ವೀರ್ಯಾಣುವಿನ ತಯಾರಿ ಶುರುವಾದದ್ದು ಹೆಚ್ಚು ಕಡಿಮೆ ಮೂರು ತಿಂಗಳ ಹಿಂದೆ. ಈ ಅವಧಿಯಲ್ಲಿ ದೇಹಕ್ಕೆ ಏನೇನಾಯಿತೋ ಅದರ ಗುರುತು ಇಂದಿನ ಮಾದರಿಯಲ್ಲಿ ಕಾಣುತ್ತದೆ. ಅದಕ್ಕಿಂತ ಹಿಂದಿನದು ಸಾಮಾನ್ಯವಾಗಿ ಕಾಣುವುದಿಲ್ಲ. ಏಪ್ರಿಲ್ ಮೊದಲ ವಾರ ನೀವು ಕೊಟ್ಟ ವೀರ್ಯಾಣುಗಳು ಜನವರಿಯಿಂದ ಈಚೆಗೆ ಬೆಳೆದವು, ಮತ್ತು ಅವು ಅತ್ಯಂತ ನಾಜೂಕಾದ ಹಂತಗಳಲ್ಲಿದ್ದಾಗಲೇ ನಿಮಗೆ ಟೈಫಾಯ್ಡ್ ಜ್ವರ ಬಂದಿದೆ. ವೃಷಣಗಳು ದೇಹದ ಹೊರಗೆ ಚೀಲದಲ್ಲಿ ಇಳಿಬಿದ್ದಿರುವುದು ಏಕೆಂದರೆ ಅವುಗಳ ಕೆಲಸಕ್ಕೆ ದೇಹದ ಒಳಗಿನ ತಾಪಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ತಾಪ ಬೇಕು. ಹಲವಾರು ದಿನ ಬಿಡದೆ ಕಾಡುವ ಜ್ವರ, ಅದು ಟೈಫಾಯ್ಡ್ ಆಗಲಿ, ಡೆಂಗಿಯಾಗಲಿ, ಫ್ಲೂ ಆಗಲಿ, ಕೋವಿಡ್ ಆಗಲಿ, ಮುಂದಿನ ಎರಡು ಮೂರು ತಿಂಗಳ ಕಾಲ ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಇಳಿಸಬಲ್ಲದು. ಕೊರೊನಾ ಬರುವುದಕ್ಕೆ ದಶಕಗಳ ಮೊದಲೇ ವೈದ್ಯರಿಗೆ ಇದು ಗೊತ್ತಿತ್ತು.

ಹಾಗಾದರೆ ನಾಲ್ಕು ವರ್ಷದ ಹಿಂದಿನ ಒಂದು ಕಾಯಿಲೆ ಇಂದಿನ ವೀರ್ಯಾಣುಗಳನ್ನು ಕಡಿಮೆ ಮಾಡಬೇಕಾದರೆ ಏನಾಗಿರಬೇಕು? ಒಂದೋ ಅದು ವೀರ್ಯಾಣುಗಳನ್ನು ಹುಟ್ಟಿಸುವ ಮೂಲಕೋಶಗಳನ್ನೇ ಕೊಂದಿರಬೇಕು, ಇಲ್ಲವೇ ಅವುಗಳನ್ನು ಪೋಷಿಸುವ ಸೆರ್ಟೋಲಿ ಕೋಶಗಳನ್ನು ಅಥವಾ ಟೆಸ್ಟೋಸ್ಟೆರಾನ್ ತಯಾರಿಸುವ ಲೇಡಿಗ್ ಕೋಶಗಳನ್ನು ಶಾಶ್ವತವಾಗಿ ಕೆಡಿಸಿರಬೇಕು, ಇಲ್ಲವೇ ನಾಳವನ್ನು ಮುಚ್ಚಿಬಿಟ್ಟಿರಬೇಕು. ಇಂಥ ಹಾನಿ ಮಾಡುವ ವೈರಸ್ ಇಲ್ಲದಿಲ್ಲ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದರೆ ನೂರರಲ್ಲಿ ಹದಿನೈದರಿಂದ ಮೂವತ್ತು ಗಂಡಸರಿಗೆ ವೃಷಣ ಬಾತುಕೊಳ್ಳುತ್ತದೆ, ಅವರಲ್ಲಿ ಕೆಲವರ ವೃಷಣ ಆಮೇಲೆ ಸಣ್ಣದಾಗಿ ಹೋಗುತ್ತದೆ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಇದೆ, ಮಂಗನಬಾವಿನದು ಇಲ್ಲ. ಆದ್ದರಿಂದ ಚಿಕ್ಕಂದಿನಲ್ಲಿ ಅಥವಾ ಹರೆಯದಲ್ಲಿ ನಿಮಗೆ ಕೆನ್ನೆ ಊದಿ, ಕೆಳಗೂ ನೋವು ಬಂದಿತ್ತೇ ಎಂದು ತಾಯಿಯವರನ್ನು ಒಮ್ಮೆ ಕೇಳಿ ನೋಡಿ. ಅಂಥ ಪ್ರಶ್ನೆಗೆ ಸಿಗುವ ಉತ್ತರ ಕೋವಿಡ್‌ನ ಚರ್ಚೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊರೊನಾ ವೈರಸ್ ಮಂಗನಬಾವಿನ ಹಾಗೆ ವೃಷಣವನ್ನು ಹೊಕ್ಕು ನಾಶ ಮಾಡುತ್ತದೆಯೇ ಎಂಬ ಆತಂಕ 2020ರಲ್ಲಿ ಎದ್ದದ್ದಕ್ಕೆ ಸಕಾರಣವಿತ್ತು. ಈ ವೈರಸ್ ಕೋಶದೊಳಗೆ ಹೋಗಲು ಹಿಡಿದುಕೊಳ್ಳುವ ಎಸಿಇ2 ಎಂಬ ಪ್ರೋಟೀನು ಶ್ವಾಸಕೋಶದಲ್ಲಿರುವಂತೆ ವೃಷಣದ ಕೋಶಗಳಲ್ಲಿಯೂ ಇದೆ. ಆ ವರ್ಷ ಚೀನಾದ ಶಾಂಗ್‌ಚಿಯೂ ನಗರದ ಆಸ್ಪತ್ರೆಯೊಂದರಲ್ಲಿ 38 ಮಂದಿ ಸೋಂಕಿತರ ವೀರ್ಯವನ್ನು ಪರೀಕ್ಷಿಸಿದಾಗ ಆರು ಮಂದಿಯಲ್ಲಿ ವೈರಸ್‌ನ ಅಂಶ ಸಿಕ್ಕಿತು, ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಹೆಚ್ಚಿನ ಅಧ್ಯಯನಗಳಲ್ಲಿ ಅದು ವೀರ್ಯದಲ್ಲಿ ಸಿಗಲಿಲ್ಲ, ಲೈಂಗಿಕ ಸಂಪರ್ಕದಿಂದ ಕೋವಿಡ್ ಹರಡುತ್ತದೆ ಎಂಬುದೂ ಸ್ಥಾಪಿತವಾಗಲಿಲ್ಲ. ವುಹಾನ್‌ನಲ್ಲಿ ಕೋವಿಡ್‌ನಿಂದ ಸತ್ತ 12 ಗಂಡಸರ ವೃಷಣಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಸೆರ್ಟೋಲಿ ಕೋಶಗಳು ಊದಿಕೊಂಡು ಕೆಟ್ಟಿದ್ದವು, ಲೇಡಿಗ್ ಕೋಶಗಳು ಕಡಿಮೆಯಾಗಿದ್ದವು, ಸಣ್ಣ ಮಟ್ಟದ ಉರಿಯೂತವಿತ್ತು. ಆದರೆ ವೈರಸ್ ಪತ್ತೆಯಾದದ್ದು ಒಬ್ಬರಲ್ಲಿ ಮಾತ್ರ. ವೃಷಣಕ್ಕೆ ಪೆಟ್ಟು ಬೀಳುವುದು ನಿಜ. ಆ ಪೆಟ್ಟು ಬಹುಪಾಲು ವೈರಸ್ ಅಲ್ಲಿ ನೆಲೆಸುವುದರಿಂದಲ್ಲ, ಜ್ವರ, ಮೈತುಂಬ ಹರಡಿದ ಉರಿಯೂತ, ಆಕ್ಸಿಜನ್ ಕೊರತೆ ಮತ್ತು ಏರುಪೇರಾದ ಹಾರ್ಮೋನುಗಳಿಂದ ಎಂದು ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುತ್ತದೆ.

ಈ ಪೆಟ್ಟು ಎಷ್ಟು ಕಾಲ ಉಳಿಯುತ್ತದೆ ಎಂಬುದೇ ನಿಮಗೆ ಬೇಕಾದ ವಿಷಯ. ಬೆಲ್ಜಿಯಂನಲ್ಲಿ ಕೋವಿಡ್‌ನಿಂದ ಗುಣವಾದ 120 ಗಂಡಸರ ವೀರ್ಯವನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಸೋಂಕಿನ ನಂತರದ ಮೊದಲ ತಿಂಗಳಲ್ಲಿ ಪರೀಕ್ಷಿಸಿದವರಲ್ಲಿ ಶೇ 60ರಷ್ಟು ಮಂದಿಗೆ ವೀರ್ಯಾಣುಗಳ ಚಲನೆ ಕಡಿಮೆಯಿತ್ತು, ಶೇ 37ರಷ್ಟು ಮಂದಿಗೆ ಸಂಖ್ಯೆ ಕಡಿಮೆಯಿತ್ತು. ಎರಡು ತಿಂಗಳು ದಾಟಿದವರನ್ನು ನೋಡಿದಾಗ ಚಲನೆ ಕಡಿಮೆಯಿದ್ದವರು ಶೇ 28ಕ್ಕೆ, ಸಂಖ್ಯೆ ಕಡಿಮೆಯಿದ್ದವರು ಶೇ 6ಕ್ಕೆ ಇಳಿದಿದ್ದರು. ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದವರು ಮಗುವಿಗಾಗಿ ಪ್ರಯತ್ನಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳನ್ನು ಗಮನಿಸಿದ್ದು ಇನ್ನೂ ನೇರವಾದ ಸಾಕ್ಷ್ಯ, ಏಕೆಂದರೆ ಅಲ್ಲಿ ಅಳೆದದ್ದು ವೀರ್ಯಾಣುವನ್ನಲ್ಲ, ಗರ್ಭ ನಿಂತದ್ದನ್ನು. ಗಂಡಸಿಗೆ ಹಿಂದಿನ 60 ದಿನಗಳೊಳಗೆ ಸೋಂಕಾಗಿದ್ದರೆ ಆ ತಿಂಗಳು ಗರ್ಭ ನಿಲ್ಲುವ ಸಂಭವ ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಿತ್ತು. 60 ದಿನ ಕಳೆದವರಲ್ಲಿ ಸೋಂಕು ಆಗದವರಿಗೂ ಆದವರಿಗೂ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ಹೊಂದದ ವರದಿಗಳೂ ಇವೆ, ಅವನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಪಟ್ನಾದ ಏಮ್ಸ್‌ನಲ್ಲಿ 30 ಮಂದಿಯ ವೀರ್ಯವನ್ನು ಸೋಂಕಿನ ಹೊತ್ತಿಗೊಮ್ಮೆ, 74 ದಿನಗಳ ನಂತರ ಮತ್ತೊಮ್ಮೆ ನೋಡಿದಾಗ ಗುಣಮಟ್ಟ ಸುಧಾರಿಸಿತ್ತು, ಆದರೆ ಪೂರ್ತಿ ಸರಿಯಾಗಿರಲಿಲ್ಲ. ಸ್ಪೇನ್‌ನ ಸಂಶೋಧಕರು 2023ರಲ್ಲಿ ಮಂಡಿಸಿದ 45 ಮಂದಿಯ ಅಧ್ಯಯನದಲ್ಲಿ ಸೌಮ್ಯ ಕೋವಿಡ್ ಆಗಿ ನೂರು ದಿನ ಕಳೆದವರಲ್ಲೂ ಸಂಖ್ಯೆ ಮೊದಲಿಗಿಂತ ಕಡಿಮೆಯೇ ಇತ್ತು, ಸರಾಸರಿಗಳು ಸಹಜ ಮಿತಿಯೊಳಗೇ ಇದ್ದರೂ. ಇಟಲಿಯ ಫ್ಲಾರೆನ್ಸ್‌ನಲ್ಲಿ ಗುಣವಾದ 43 ಮಂದಿಯನ್ನು ನೋಡಿದಾಗ 11 ಮಂದಿಯಲ್ಲಿ ವೀರ್ಯಾಣುಗಳು ತೀರಾ ಕಡಿಮೆಯಿದ್ದವು ಅಥವಾ ಇರಲೇ ಇಲ್ಲ, ಮತ್ತು ಕಾಯಿಲೆ ಉಲ್ಬಣಿಸಿದವರಲ್ಲಿ ಇದು ಹೆಚ್ಚು. ನೀವೂ ಆಕ್ಸಿಜನ್ ಮೇಲಿದ್ದವರಾದ್ದರಿಂದ ಈ ಕೊನೆಯ ಮಾತು ನಿಮಗೆ ಅನ್ವಯಿಸುತ್ತದೆ, ಕೋವಿಡ್‌ನ ಪಾಲು ಸೊನ್ನೆ ಎಂದು ನಾನು ಹೇಳಲಾರೆ. ಆದರೆ ಈ ಅಧ್ಯಯನಗಳು ಚಿಕ್ಕವು, ಮತ್ತು ಪಟ್ನಾ, ಫ್ಲಾರೆನ್ಸ್‌ಗಳಲ್ಲಿ ಸೋಂಕಿಗೆ ಮೊದಲಿನ ವೀರ್ಯ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಲಿಲ್ಲ. ಅದಿಲ್ಲದಿದ್ದಾಗ ಮೊದಲೇ ಇದ್ದ ದೋಷವೂ ಕೋವಿಡ್‌ನ ಖಾತೆಗೆ ಹೋಗಿಬಿಡುತ್ತದೆ. ನಿಮ್ಮ ವಿಷಯದಲ್ಲಿಯೂ ಆಗುತ್ತಿರುವುದು ಅದೇ: 2021ಕ್ಕೆ ಮೊದಲು ನಿಮ್ಮ ವೀರ್ಯವನ್ನು ಯಾರೂ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ಕೊಟ್ಟ ಸ್ಟೀರಾಯ್ಡ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡೆಕ್ಸಾಮೆಥಾಸೋನ್ ಆ ದಿನಗಳಲ್ಲಿ ಟೆಸ್ಟೋಸ್ಟೆರಾನ್ ಅನ್ನು ತಗ್ಗಿಸುತ್ತದೆ, ನಿಲ್ಲಿಸಿದ ಮೇಲೆ ಅದು ಚೇತರಿಸಿಕೊಳ್ಳುತ್ತದೆ. ಜೀವ ಉಳಿಸಿದ ಔಷಧಿಯದು, ಅದರ ಮೇಲೆ ಸಂಶಯ ಬೇಡ. ಆಗ ಬಹಳ ಮಂದಿಗೆ ಕೊಟ್ಟ ಫವಿಪಿರವಿರ್ ಮಾತ್ರೆ ವೀರ್ಯದಲ್ಲಿ ಸೇರಿಕೊಳ್ಳುತ್ತದೆ ಎಂಬ ಕಾರಣಕ್ಕೆ ಚಿಕಿತ್ಸೆಯ ಸಮಯದಲ್ಲೂ ಆಮೇಲೆ ಕೆಲವು ದಿನವೂ ಗರ್ಭನಿರೋಧಕ ಬಳಸಬೇಕೆಂಬ ಎಚ್ಚರಿಕೆ ಇತ್ತು. ಅದನ್ನು ನೀವು ತೆಗೆದುಕೊಂಡಿದ್ದರೂ ನಾಲ್ಕು ವರ್ಷದ ನಂತರ ಅದರ ಚಿಂತೆಗೆ ಕಾರಣವಿಲ್ಲ.

ಲಸಿಕೆಯ ಮಾತಿಗೆ ಬರುತ್ತೇನೆ. ಮಿಯಾಮಿ ವಿಶ್ವವಿದ್ಯಾಲಯದಲ್ಲಿ 45 ಯುವಕರ ವೀರ್ಯವನ್ನು ಲಸಿಕೆಗೆ ಮೊದಲೂ ಎರಡು ಡೋಸ್ ಆದ ಮೇಲೂ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸಂಖ್ಯೆಯಾಗಲಿ ಚಲನೆಯಾಗಲಿ ಕುಸಿದಿರಲಿಲ್ಲ. ಇಸ್ರೇಲಿನ 37 ವೀರ್ಯದಾನಿಗಳಲ್ಲಿ ಕೆಲವು ವಾರಗಳ ಇಳಿಕೆ ಕಂಡು ಐದು ತಿಂಗಳ ಹೊತ್ತಿಗೆ ಅದು ಸರಿಹೋಯಿತು. ಮೇಲೆ ಹೇಳಿದ ಬೋಸ್ಟನ್ ಅಧ್ಯಯನದಲ್ಲಿ ಗಂಡ ಅಥವಾ ಹೆಂಡತಿ ಲಸಿಕೆ ಪಡೆದದ್ದಕ್ಕೂ ಗರ್ಭ ನಿಲ್ಲುವುದಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಮಿಯಾಮಿಯಲ್ಲೂ ಇಸ್ರೇಲಿನಲ್ಲೂ ಕೊಟ್ಟದ್ದು ನಮ್ಮ ಕೋವಿಶೀಲ್ಡ್‌ಗಿಂತ ಬೇರೆ ಬಗೆಯ ಲಸಿಕೆ ಎಂಬುದು ಸರಿಯೇ. ಆದರೂ ಮೂರು ವರ್ಷ ಮಕ್ಕಳಾಗದಿರುವುದನ್ನು ಅಂದಿನ ಒಂದೆರಡು ಚುಚ್ಚುಮದ್ದಿನ ಮೇಲೆ ಹೊರಿಸಲು ಯಾವ ಆಧಾರವೂ ಇಲ್ಲ ಎಂದು ಮನೆಯವರಿಗೆ ಧೈರ್ಯವಾಗಿ ಹೇಳಿ.

ಈಗ ನನಗೆ ಹೆಚ್ಚು ಕಳವಳ ತಂದ ವಿಷಯ: ಟೆಸ್ಟೋಸ್ಟೆರಾನ್ ಇಂಜೆಕ್ಷನ್. ದಯವಿಟ್ಟು ಅದನ್ನು ತೆಗೆದುಕೊಳ್ಳಬೇಡಿ. ತೆಗೆದುಕೊಂಡಿದ್ದರೆ ಇಂದೇ ವೈದ್ಯರಿಗೆ ತಿಳಿಸಿ. ಗಂಡಸುತನದ ಹಾರ್ಮೋನು ಹೊರಗಿನಿಂದ ಬಂದರೆ ವೀರ್ಯಾಣುವೂ ಹೆಚ್ಚುತ್ತದೆ ಎಂದು ತೋರುವುದು ಸಹಜ, ಆದರೆ ಆಗುವುದು ಅದಕ್ಕೆ ತದ್ವಿರುದ್ಧ. ವೀರ್ಯಾಣು ತಯಾರಾಗಲು ವೃಷಣದ ಒಳಗೆ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು, ಅದನ್ನು ವೃಷಣವೇ ತಯಾರಿಸಿಕೊಳ್ಳಬೇಕು. ಹೊರಗಿನಿಂದ ಹಾರ್ಮೋನು ಬಂದ ಕೂಡಲೇ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಸಾಕಷ್ಟಿದೆ ಎಂದು ತಿಳಿದು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಪ್ರಚೋದಕಗಳನ್ನು ನಿಲ್ಲಿಸುತ್ತದೆ, ವೃಷಣದ ಕೆಲಸ ಸ್ತಬ್ಧವಾಗುತ್ತದೆ. ಇದು ಎಷ್ಟು ಖಚಿತವೆಂದರೆ ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೋಸ್ಟೆರಾನ್ ಅನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು: 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಾರಕ್ಕೆ 200 ಮಿಲಿ ಗ್ರಾಂ ಇಂಜೆಕ್ಷನ್ ಪಡೆದ 271 ಆರೋಗ್ಯವಂತರಲ್ಲಿ 157 ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದೂ ವೀರ್ಯಾಣು ಉಳಿಯಲಿಲ್ಲ. ಜಿಮ್‌ಗಳಲ್ಲಿ ಮೈಕಟ್ಟಿಗೆಂದು ಕೊಡುವ ಇಂಜೆಕ್ಷನ್‌ಗಳು ಮಾಡುವುದೂ ಇದನ್ನೇ. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಮತ್ತೆ ಶುರುವಾಗುತ್ತದೆ, ಆದರೆ ಆರು ತಿಂಗಳು, ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಮತ್ತು ಮಕ್ಕಳಿಗಾಗಿ ಕಾಯುತ್ತಿರುವ ದಂಪತಿಗೆ ಆ ವರ್ಷ ಬಹಳ ದೊಡ್ಡದು.

ಹುರುಪು ಕಡಿಮೆಯಾಗಿದೆ ಎಂಬ ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಕೋವಿಡ್ ಉಲ್ಬಣಿಸಿದವರಲ್ಲಿ ಟೆಸ್ಟೋಸ್ಟೆರಾನ್ ಬಹಳ ಕುಸಿಯುತ್ತಿತ್ತು. ಇಟಲಿಯ ಮಿಲಾನ್‌ನಲ್ಲಿ ಅಂಥವರನ್ನು ಏಳು ತಿಂಗಳ ನಂತರ ನೋಡಿದಾಗ ಮಟ್ಟ ಏರಿತ್ತು, ಆದರೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇರಬೇಕಾದಷ್ಟು ಇರಲಿಲ್ಲ. ಆದ್ದರಿಂದ ನಿಮ್ಮ ರಕ್ತದಲ್ಲಿ ಅದು ಎಷ್ಟಿದೆ ಎಂದು ನೋಡುವುದು ನ್ಯಾಯವೇ. ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಅದು ತಾನಾಗಿಯೇ ಇಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದ ಬೆಳಿಗ್ಗೆ ಕೊಟ್ಟರೂ ಲೆಕ್ಕ ತಪ್ಪಬಹುದು. ಕಡಿಮೆಯಿದೆ ಎಂದು ಎರಡು ಸಲದ ಪರೀಕ್ಷೆಯಲ್ಲಿ ಖಚಿತವಾದರೆ, ವೃಷಣವನ್ನು ನಿಲ್ಲಿಸದೆ ಅದರಿಂದಲೇ ಹೆಚ್ಚು ಕೆಲಸ ಮಾಡಿಸುವ ಬೇರೆ ಔಷಧಿಗಳಿವೆ, ಅವನ್ನು ತಜ್ಞರು ಕೊಡುತ್ತಾರೆ.

ಶಿಶ್ನದ ಗಡಸುತನ ಕಡಿಮೆಯಾಗಿದೆ ಎಂಬ ಅರ್ಥದಲ್ಲಿ ನೀವು ಹುರುಪಿನ ಮಾತು ಆಡಿದ್ದರೆ, ಅದಕ್ಕೆ ಇನ್ನೊಂದು ಪರೀಕ್ಷೆ ಸೇರಿಸಬೇಕು. ಕೋವಿಡ್ ರಕ್ತನಾಳಗಳ ಒಳಪದರವನ್ನು ಕೆಡಿಸುವ ಕಾಯಿಲೆ, ಮತ್ತು ಶಿಶ್ನದ ಉದ್ರೇಕ ನಿಂತಿರುವುದು ಆ ಒಳಪದರದ ಆರೋಗ್ಯದ ಮೇಲೆ. ಗುಣವಾದವರಲ್ಲಿ ಈ ತೊಂದರೆ ಹೆಚ್ಚಿರುವುದು ಹಲವು ಕಡೆ ಕಂಡುಬಂದಿದೆ. ಎರಡನೇ ಅಲೆಯಲ್ಲಿ ಸ್ಟೀರಾಯ್ಡ್ ಪಡೆದ ಅನೇಕರಿಗೆ ಸಕ್ಕರೆ ಏರಿತು, ಕೆಲವರಿಗೆ ಅದು ಇಳಿಯದೆ ಮಧುಮೇಹವಾಗಿ ಉಳಿಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ರಕ್ತದೊತ್ತಡವನ್ನೂ ಮಾಡಿಸಿ. ಮಗುವಿಗಾಗಿ ದಿನ ಎಣಿಸಿಕೊಂಡು ಕೂಡುವ ದಂಪತಿಗಳಲ್ಲಿ ಬರೀ ಒತ್ತಡದಿಂದಲೂ ಇದು ಆಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಗಡಸುತನದ ಮಾತ್ರೆ ತಂದು ನುಂಗಬೇಡಿ. ಎದೆನೋವಿಗೆಂದು ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ಮಾತ್ರೆಯೊಡನೆ ಅದು ಸೇರಿದರೆ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯಬಹುದು.

ನಿಮ್ಮ ರಿಪೋರ್ಟನ್ನು ಈಗ ಹತ್ತಿರದಿಂದ ನೋಡೋಣ. 2 ಮಿಲಿ ಲೀಟರನ್ನು 90 ಲಕ್ಷದಿಂದ ಗುಣಿಸಿದರೆ ಒಟ್ಟು ವೀರ್ಯಾಣು 1 ಕೋಟಿ 80 ಲಕ್ಷ. ಅವುಗಳಲ್ಲಿ ಕಾಲು ಭಾಗ ಮಾತ್ರ ಚಲಿಸುತ್ತಿರುವುದರಿಂದ ಚಲಿಸುವ ವೀರ್ಯಾಣು 45 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೊಟ್ಟಿರುವ ಕೆಳಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿ ಲೀಟರ್, ಪ್ರತಿ ಮಿಲಿ ಲೀಟರಿಗೆ 1 ಕೋಟಿ 60 ಲಕ್ಷ, ಒಟ್ಟು 3 ಕೋಟಿ 90 ಲಕ್ಷ, ಚಲನೆ ಶೇ 42. ನಿಮ್ಮದು ಕಡಿಮೆ ಎಂಬುದು ನಿಜ. ಆದರೆ ಆ ಮಿತಿಗಳನ್ನು ನಿಗದಿ ಮಾಡಿದ್ದು ಒಂದು ವರ್ಷದೊಳಗೆ ತಂದೆಯಾಗುವ ಭಾಗ್ಯ ಪಡೆದ ಗಂಡಸರ ವೀರ್ಯವನ್ನು ಅಳೆದು, ಅವರಲ್ಲಿ ತೀರಾ ಕೆಳಗಿನ ಶೇ 5ರಷ್ಟು ಮಂದಿಯ ಗೆರೆಯನ್ನು ಗುರುತಿಸಿ. ಅಂದರೆ ಆ ಗೆರೆಯ ಕೆಳಗಿದ್ದವರೂ ತಂದೆಯಾಗಿದ್ದರು. ಒಂದೇ ಗಂಡಸಿನ ಮಾದರಿ ಒಂದು ತಿಂಗಳಿಂದ ಇನ್ನೊಂದಕ್ಕೆ ದುಪ್ಪಟ್ಟು ವ್ಯತ್ಯಾಸವಾಗುವುದೂ ಉಂಟು, ಆದ್ದರಿಂದ ಒಂದೇ ರಿಪೋರ್ಟಿನ ಮೇಲೆ ಯಾವ ವೈದ್ಯರೂ ತೀರ್ಮಾನ ಹೇಳಬಾರದು.

ಅದಕ್ಕೂ ಮೊದಲು ಆ ಮಾದರಿ ಲ್ಯಾಬಿಗೆ ಹೇಗೆ ತಲುಪಿತು ಎಂದು ಯೋಚಿಸಿ. ಏಪ್ರಿಲ್ ಬಿಸಿಲಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೈಕಿನ ಹ್ಯಾಂಡಲಿಗೆ ನೇತುಹಾಕಿದ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲಿನ ಬ್ಯಾಗಿನಲ್ಲಿಟ್ಟ ಡಬ್ಬಿಯ ತಾಪ 37 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡು, ಅಲ್ಲಿ ಹೋಗಿ ಸರದಿಗೆ ಕಾದು, ಪರೀಕ್ಷೆ ಶುರುವಾಗುವ ಹೊತ್ತಿಗೆ ಒಂದು ಗಂಟೆ ಮೀರಿದ್ದರೆ ಚಲನೆ ಶೇ 25 ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ಸಲ ಲ್ಯಾಬಿನಲ್ಲೇ, ಅದಕ್ಕೆಂದು ಇರುವ ಕೋಣೆಯಲ್ಲೇ ಮಾದರಿ ಕೊಡಿ. ಆಗದಿದ್ದರೆ ಡಬ್ಬಿಯನ್ನು ಅಂಗಿಯ ಒಳಗೆ ಮೈಗೆ ತಾಗಿಸಿಟ್ಟುಕೊಂಡು, ಒಂದು ಗಂಟೆಯೊಳಗೆ ಪರೀಕ್ಷೆಯಾಗುವಂತೆ ಮೊದಲೇ ಮಾತಾಡಿಕೊಂಡು ಹೋಗಿ. ಹಿಂದಿನ ಸಂಭೋಗ ಅಥವಾ ಸ್ಖಲನದಿಂದ ಎರಡರಿಂದ ಏಳು ದಿನದ ಅಂತರವಿರಲಿ. ಹತ್ತು ಹದಿನೈದು ದಿನ ಕೂಡಿಟ್ಟರೆ ಒಳ್ಳೆಯ ಫಲ ಬರುತ್ತದೆ ಎಂಬುದು ತಪ್ಪು, ಹಳೆಯ ವೀರ್ಯಾಣುಗಳೇ ಹೆಚ್ಚಾಗಿ ಚಲನೆ ಇನ್ನೂ ಕಡಿಮೆ ಕಾಣುತ್ತದೆ. ಮೊದಲ ಹನಿಗಳು ಡಬ್ಬಿಯ ಹೊರಗೆ ಬಿದ್ದಿದ್ದರೆ ಮುಚ್ಚಿಡದೆ ಹೇಳಿ, ಹೆಚ್ಚು ವೀರ್ಯಾಣುಗಳಿರುವುದು ಅದರಲ್ಲೇ.

ಕುಲುಮೆಯ ಕೆಲಸದ ವಿಷಯವನ್ನು ನಿಮ್ಮನ್ನು ನೋಡಿದ ಯಾರಾದರೂ ಕೇಳಿದರೋ ಇಲ್ಲವೋ ತಿಳಿಯದು. ನಮ್ಮ ಜಿಲ್ಲೆಗಳ ಗಂಡಸರನ್ನು ಪರೀಕ್ಷಿಸುವಾಗ ಕೇಳಲೇಬೇಕಾದ ಪ್ರಶ್ನೆಯಿದು. ಕುಲುಮೆಯ ಮುಂದೆ, ಬಾಯ್ಲರ್ ಪಕ್ಕದಲ್ಲಿ, ಜೀನ್ಸ್ ಘಟಕಗಳ ಇಸ್ತ್ರಿ ಮೇಜಿನ ಬಳಿ ದಿನಕ್ಕೆ ಎಂಟು ಗಂಟೆ ನಿಲ್ಲುವವರಿಗೆ ಕೆಲಸದ ಶಾಖವೇ ದಿನವೂ ಬರುವ ಜ್ವರವಿದ್ದಂತೆ. ಅಂಥ ಕೆಲಸಗಳಿಗೂ ವೀರ್ಯಾಣುಗಳ ಇಳಿಕೆಗೂ ಸಂಬಂಧ ಕಂಡುಬಂದಿದೆ. ಸಿಂಧನೂರು, ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳಲ್ಲೂ ರಾಯಚೂರಿನ ಹತ್ತಿ ಹೊಲಗಳಲ್ಲೂ ಮುಖಕ್ಕೆ ಬಟ್ಟೆಯಿಲ್ಲದೆ, ಕೈಗೆ ಗವಸಿಲ್ಲದೆ ಔಷಧಿ ಹೊಡೆಯುವವರಿಗೆ ಕೀಟನಾಶಕದ ಪ್ರಶ್ನೆ ಇದೆ. ಗುಟ್ಕಾ, ಬೀಡಿ, ಸಾರಾಯಿಗಳನ್ನು ನೀವು ಬಳಸುತ್ತಿದ್ದರೆ ಅವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವೆಲ್ಲ ಇಂದೂ ನಡೆಯುತ್ತಿರುವ ಸಂಗತಿಗಳು, ಬದಲಾಯಿಸಬಹುದಾದವು. 2021ನ್ನು ನಾವು ಬದಲಾಯಿಸಲಾರೆವು.

ಇನ್ನು ದೇಹ ಪರೀಕ್ಷೆ. ಹೆಂಡತಿಯನ್ನು ಎರಡು ಕಡೆ ತೋರಿಸಿ, ಗಂಡನ ವೀರ್ಯ ಪರೀಕ್ಷೆಗೆ ಮೂರು ವರ್ಷ ಕಾದದ್ದು ನಿಮ್ಮೊಬ್ಬರ ಮನೆಯ ಮಾತಲ್ಲ, ಆದರೆ ಇದು ನನಗೆ ನಿಜಕ್ಕೂ ನೋವು ತರುವ ವಿಷಯ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ಮತ್ತು ಗಂಡಸಿನ ಪರೀಕ್ಷೆ ಹೆಂಗಸಿನ ಪರೀಕ್ಷೆಗಿಂತ ಎಷ್ಟೋ ಸುಲಭ. ತಜ್ಞರು ನಿಮ್ಮನ್ನು ನಿಲ್ಲಿಸಿ, ವೃಷಣಗಳ ಗಾತ್ರವನ್ನು ಮಣಿಗಳ ಸರವೊಂದಕ್ಕೆ ಹೋಲಿಸಿ ಅಳೆಯುತ್ತಾರೆ, ನಾಳಗಳು ಇವೆಯೇ ಎಂದು ಬೆರಳಿನಿಂದ ತಡವಿ ನೋಡುತ್ತಾರೆ, ಆಮೇಲೆ ಉಸಿರು ಬಿಗಿಹಿಡಿದು ಮುಕ್ಕಲು ಹೇಳುತ್ತಾರೆ. ಹಾಗೆ ಮಾಡಿದಾಗ ಎಡಗಡೆಯ ಚೀಲದಲ್ಲಿ ರಕ್ತನಾಳಗಳು ಗಂಟುಗಂಟಾಗಿ ಉಬ್ಬಿ ಕೈಗೆ ಸಿಕ್ಕಿದರೆ ಅದೇ ವೆರಿಕೋಸೀಲ್. ಎಲ್ಲ ಗಂಡಸರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿಗೆ ಇದಿರುತ್ತದೆ. ಮಕ್ಕಳಾಗದೆ ಪರೀಕ್ಷೆಗೆ ಬರುವವರಲ್ಲಿ ಮೂವತ್ತೈದು ನಲವತ್ತು ಮಂದಿಗೆ. ಅಲ್ಲಿ ನಿಂತ ರಕ್ತ ವೃಷಣದ ತಾಪವನ್ನು ಏರಿಸುತ್ತದೆ, ಹೊತ್ತುಗಟ್ಟಲೆ ನಿಂತು ಭಾರ ಎತ್ತುವವರಿಗೆ ಕೆಳಗೆ ಎಳೆದಂಥ ನೋವನ್ನೂ ಕೊಡುತ್ತದೆ. ಕೈಗೆ ಸಿಗುವಷ್ಟು ದೊಡ್ಡದಿದ್ದು ವೀರ್ಯಾಣುವೂ ಕಡಿಮೆಯಿದ್ದರೆ ಶಸ್ತ್ರಚಿಕಿತ್ಸೆಯಿಂದ ಹಲವರಿಗೆ ಸುಧಾರಣೆಯಾಗುತ್ತದೆ. ಈ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕೊಪ್ಪಳ, ಬಳ್ಳಾರಿ, ರಾಯಚೂರುಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ವಿಭಾಗದಿಂದಲೇ ಆರಂಭಿಸಬಹುದು.

ಕೌಂಟ್ ಹೆಚ್ಚಿಸುವ ಮಾತ್ರೆ, ಪುಡಿ, ಲೇಹ್ಯಗಳಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಒಂದು ಮಾತು. ಸತು ಮತ್ತು ಫೋಲಿಕ್ ಆಮ್ಲವನ್ನು ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಹೇಳಿದರು: ವೀರ್ಯದ ಗುಣಮಟ್ಟದಲ್ಲಾಗಲಿ ಮಕ್ಕಳಾಗುವುದರಲ್ಲಾಗಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಆ ದುಡ್ಡಿನಲ್ಲಿ ರಕ್ತ ಪರೀಕ್ಷೆಗಳನ್ನು ಮಾಡಿಸಿ: ಟೆಸ್ಟೋಸ್ಟೆರಾನ್, ಎಫ್‌ಎಸ್‌ಎಚ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ಸಕ್ಕರೆ. ಎಫ್‌ಎಸ್‌ಎಚ್ ಬಹಳ ಏರಿದ್ದು ವೃಷಣಗಳು ಚಿಕ್ಕದಾಗಿದ್ದರೆ ಮಾತ್ರ ಮೂಲಕೋಶಗಳೇ ಕಡಿಮೆಯಾಗಿವೆ ಎಂಬ ಶಂಕೆ ಬಲವಾಗುತ್ತದೆ; ಆಗಲೂ ಅದಕ್ಕೆ ಕೋವಿಡ್, ಮಂಗನಬಾವು, ಹುಟ್ಟಿನಿಂದ ಬಂದ ಕಾರಣ, ಇವುಗಳಲ್ಲಿ ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಪ್ರತಿ ಮಿಲಿ ಲೀಟರಿಗೆ ಸಂಖ್ಯೆ 50 ಲಕ್ಷಕ್ಕಿಂತ ಕೆಳಗಿಳಿದರೆ ವರ್ಣತಂತುಗಳ ಪರೀಕ್ಷೆಯನ್ನೂ ಹೇಳುತ್ತಾರೆ. ನಿಮ್ಮದು ಅಷ್ಟು ಕೆಳಗಿಲ್ಲ.

ಟೈಫಾಯ್ಡ್ ಗುಣವಾಗಿ ಮೂರು ತಿಂಗಳು ತುಂಬುತ್ತಿರುವುದರಿಂದ ಜೂನ್ ಮಧ್ಯದಲ್ಲಿ ಎರಡನೇ ವೀರ್ಯ ಪರೀಕ್ಷೆ ಮಾಡಿಸಿ. ಮದುವೆಯಾಗಿ ಮೂರು ವರ್ಷ ಕಳೆದಿರುವುದರಿಂದ ದೇಹ ಪರೀಕ್ಷೆಗೂ ರಕ್ತ ಪರೀಕ್ಷೆಗೂ ಅದರ ಫಲಿತಾಂಶಕ್ಕಾಗಿ ಕಾಯದೆ ಈ ವಾರವೇ ಹೋಗಿ. ಕಾರ್ಖಾನೆಯಲ್ಲಿ ಮೂರು ತಿಂಗಳ ಮಟ್ಟಿಗೆ ಕುಲುಮೆಯಿಂದ ದೂರದ ವಿಭಾಗಕ್ಕೆ ಹಾಕಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ, ಬೇಕಾದರೆ ವೈದ್ಯರಿಂದ ಪತ್ರ ಬರೆಸಿಕೊಳ್ಳಿ. ಸಿಕ್ಕಿದರೆ ಸೆಪ್ಟೆಂಬರಿನಲ್ಲಿ ಮೂರನೇ ಪರೀಕ್ಷೆ ಮಾಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಅಲ್ಲಿಯವರೆಗೆ ಪ್ರಯತ್ನ ನಿಲ್ಲಿಸಬೇಡಿ, ಎರಡು ಮೂರು ದಿನಕ್ಕೊಮ್ಮೆ ಕೂಡುವುದು ಸಾಕು, ಹಳೆಯ ಕೋವಿಡ್‌ನಿಂದ ಹುಟ್ಟುವ ಮಗುವಿಗೆ ತೊಂದರೆಯಾಗುತ್ತದೆಂಬ ಭಯ ಬೇಡ. ಸೆಪ್ಟೆಂಬರಿನಲ್ಲೂ ಚಲಿಸುವ ವೀರ್ಯಾಣು ಐವತ್ತು ಲಕ್ಷದ ಆಸುಪಾಸಿನಲ್ಲೇ ಉಳಿದರೆ, ಹೆಂಡತಿಯ ವಯಸ್ಸು ಇನ್ನೂ ಮೂವತ್ತರ ಆಸುಪಾಸಿನಲ್ಲಿರುವಾಗಲೇ ಕೃತಕ ಗರ್ಭಧಾರಣೆಯ ವಿಧಾನಗಳ ಬಗ್ಗೆ ಮಾತಾಡಬಹುದು. ಅದಕ್ಕೆ ಹೋಗುವ ಕೇಂದ್ರವು ಇಂಥ ಕೇಂದ್ರಗಳನ್ನು ನಿಯಂತ್ರಿಸುವ 2021ರ ಕಾಯ್ದೆಯಂತೆ ನೋಂದಣಿ ಪಡೆದಿದೆಯೇ ಎಂದು ಮೊದಲು ವಿಚಾರಿಸಿ, ಏಪ್ರಿಲ್‌ನ ರಿಪೋರ್ಟಿನಿಂದ ಹಿಡಿದು ಎಲ್ಲ ಕಾಗದಗಳನ್ನೂ, 2021ರ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ಸೇರಿಸಿ, ಹೆಂಡತಿಯ ಜೊತೆಗೆ ಹೋಗಿ.